ಕೂಸಿನ ಅಳುವಿಗೆ ಕಿರ್ದಿ ಬರೆದ ಇಪ್ಪತ್ತು ದಿನ

ಹೆಂಡತಿ ಬಾಣಂತನ ಮುಗಿಸಿಕೊಂಡು ಹಿರಿಯೂರಿನ ತವರಿಂದ ದಾವಣಗೆರೆಗೆ ಬಂದದ್ದು ಏಪ್ರಿಲ್ ಕೊನೆಗೆ. ಮಗಳಿಗೆ ಆಗ ಮೂರು ತಿಂಗಳು ತುಂಬಿ ಹತ್ತು ದಿನ. ಅಲ್ಲಿ ಸಂಜೆ ಅರ್ಧ ತಾಸು ಅತ್ತು ಸುಮ್ಮನಾಗುತ್ತಿದ್ದವಳು ಇಲ್ಲಿಗೆ ಬಂದ ನಾಲ್ಕನೇ ದಿನದಿಂದ ಹೊತ್ತುಗೊತ್ತಿಲ್ಲದೆ ಅಳೋಕೆ ಶುರು ಮಾಡಿದಳು. ಬೆಳಿಗ್ಗೆ ಹತ್ತಕ್ಕೆ ಒಂದು ಸುತ್ತು, ಮಧ್ಯಾಹ್ನ ಎರಡಕ್ಕೆ ಒಂದು ಸುತ್ತು, ಸಂಜೆಯಂತೂ ಕೇಳಲೇಬೇಡಿ. ನಾನು ಅಕ್ಕಿ ಗಿರಣಿಯಲ್ಲಿ ಹದಿನಾರು ವರ್ಷದಿಂದ ಲೆಕ್ಕ ಬರೆಯುವವನು. ಬೇರೆ ದಾರಿ ಕಾಣದೆ ಅವಳ ಅಳುವಿಗೂ ಒಂದು ಕಿರ್ದಿ, ಅಂದರೆ ದಿನದಿನದ ಲೆಕ್ಕದ ಪುಸ್ತಕ, ತೆರೆದೆ. "ಲೆಕ್ಕ ಬರೆದ್ರೆ ಕೂಸು ಸುಮ್ನಾಗ್ತದೇನೋ ತಮ್ಮಾ?" ಅಂತ ಅವ್ವ ಕೇಳಿದಳು. ಭಾವಮೈದುನ ಫೋನಲ್ಲೇ ನಕ್ಕ. ಕೂಸು ಸುಮ್ಮನಾಯಿತು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಲಂಗೋಟಿ ನೋಡೋದು, ಭುಜದ ಮೇಲೆ ಹಾಕಿಕೊಂಡು ತೇಗು ತರಿಸೋದು, ಇದೆಲ್ಲ ಕೂಸು ಸಾಕಿದವರಿಗೆ ಹೇಳಿಕೊಡಬೇಕಾಗಿಲ್ಲ. ನೇರ ದುಡ್ಡು ಹೋದ ಕಥೆಗೆ ಬರುತ್ತೇನೆ.

ಮೊದಲು ದೃಷ್ಟಿ. ಉಪ್ಪು, ಮೆಣಸಿನಕಾಯಿ, ಪೊರಕೆಕಡ್ಡಿ ಮೂರು ಸಂಜೆ ನಿವಾಳಿಸಿದ್ದಾಯಿತು, ಅದಕ್ಕೇನೂ ಖರ್ಚಿಲ್ಲ. ಆಮೇಲೆ ಗ್ರೈಪ್ ವಾಟರ್, ಗ್ಯಾಸ್ ಡ್ರಾಪ್ಸ್, ಒಂದು ತಾಯತ. ಹಲ್ಲು ಬರುತ್ತಿರಬೇಕು ಅಂತ ಯಾರೋ ಅಂದರು, ಕಚ್ಚೋ ರಿಂಗು ಬಂತು. ಒಂದು ಕ್ಲಿನಿಕ್ಕಿನಲ್ಲಿ ಕೂಸನ್ನು ತಕ್ಕಡಿಗೂ ಇಡದೆ "ತಾಯಿಹಾಲು ಸಾಲ್ತಿಲ್ಲ" ಅಂದುಬಿಟ್ಟರು. ಹೆಂಡತಿ ಆಟೋದಲ್ಲಿ ಮನೆವರೆಗೂ ಅತ್ತಳು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಪುಡಿಹಾಲಿನ ಡಬ್ಬ ತಂದೆವು. ಅದರ ಮೇಲೆ ನಾಲ್ಕು ಸಾವಿರಕ್ಕೂ ಮಿಕ್ಕಿ ಕೊಟ್ಟು ಕರೆಂಟಿನ ತೊಟ್ಟಿಲು. ಎಲ್ಲ ಸೇರಿ ಏಳೂವರೆ ಸಾವಿರದ ಹತ್ತಿರ ಕೈಬಿಟ್ಟಿತು. ಅಳು ಒಂದು ನಿಮಿಷವೂ ಇಳಿಯಲಿಲ್ಲ.

ಇನ್ನೊಬ್ಬ ಮಕ್ಕಳ ಡಾಕ್ಟ್ರು ಸರಿಯಾಗಿ ನೋಡಿದರು. ಹುಟ್ಟಿದಾಗ ಎರಡೂ ಮುಕ್ಕಾಲು ಕೆಜಿ ಇದ್ದವಳು ಈಗ ಆರರ ಹತ್ತಿರ, ದಿನಕ್ಕೆ ಏಳೆಂಟು ಲಂಗೋಟಿ ಒದ್ದೆ. "ಹಾಲು ಸಾಲ್ತಿದೆ, ಡಬ್ಬ ಮುಚ್ಚಿಡಿ. ಆರು ತಿಂಗಳು ತುಂಬೋವರೆಗೂ ನೀರೂ ಬೇಡ" ಅಂದರು. ಅವ್ವ ತೇಯ್ದು ನೆಕ್ಕಿಸುತ್ತಿದ್ದ ಬಜೆಯನ್ನೂ ಬಿಡಿಸಿದರು. ಕಿವಿ, ಗಂಟಲು, ಹೊಟ್ಟೆ ಎಲ್ಲ ಸರಿಯಾಗಿದ್ದವು. ಅವರು ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಕೂತಿತು: ಕೂಸುಗಳ ಅಳು ಎರಡನೇ ವಾರದಿಂದ ಏರುತ್ತಾ ಹೋಗಿ ಆರನೇ ವಾರದ ಸುಮಾರಿಗೆ ತುದಿ ಮುಟ್ಟುತ್ತೆ, ಮೂರು–ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತೆ. ಹಂಗಾದರೆ ನಮ್ಮವಳದು ಇಳಿಯೋ ಹೊತ್ತಲ್ಲಿ ಏರಿದೆ. ಊರು ಬದಲಾದ ಮೇಲೆ ಏರಿದೆ. ಲೆಕ್ಕ ಎಲ್ಲೋ ತಪ್ಪಿದೆ ಅಂದರೆ ನನಗೆ ನಿದ್ದೆ ಬರಲ್ಲ.

ನೂರು ಪುಟದ ಪುಸ್ತಕ ತೆಗೆದು ಎಡಕ್ಕೆ ಜಮಾ, ಬಲಕ್ಕೆ ಖರ್ಚು ಅಂತ ಗೆರೆ ಹೊಡೆದೆ. ಹಾಲು, ನಿದ್ದೆ ಜಮಾಕ್ಕೆ. ಅಳು ಖರ್ಚಿಗೆ, ಎಷ್ಟು ಹೊತ್ತು ಅಂತ ಸಮೇತ. ಮೊದಲ ಮೂರು ದಿನದ್ದು ಪೂರ್ತಿ ದಂಡ. ಅತ್ತಾಗ ಮಾತ್ರ ಬರೆದಿದ್ದೆ. ಖರ್ಚೊಂದನ್ನೇ ಬರೆದ ಕಿರ್ದಿಯಿಂದ ಯಾವ ವ್ಯಾಪಾರ ತಿಳಿಯುತ್ತೆ? ಕೂಸು ಸುಮ್ಮನೆ ಆಡಿಕೊಂಡಿದ್ದ ಹೊತ್ತನ್ನೂ ಬರೆಯಬೇಕು, ಗುಟ್ಟಿರೋದು ಅಲ್ಲೇ. ಎರಡನೇ ತಪ್ಪು, ರಾತ್ರಿ ಕೂತು ನೆನಪಿನಿಂದ ಬರೆದದ್ದು. ನನ್ನ ನೆನಪಿಗೂ ಹೆಂಡತಿ ನೆನಪಿಗೂ ಒಂದೊಂದು ತಾಸು ವ್ಯತ್ಯಾಸ ಬಂತು. ಆಮೇಲೆ ತೊಟ್ಟಿಲ ಹಗ್ಗಕ್ಕೇ ಪೆನ್ಸಿಲ್ ಕಟ್ಟಿದೆ. ಅವ್ವನಿಗೆ ಬರೆಯೋಕೆ ಬರಲ್ಲ, ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕುತ್ತಿದ್ದಳು. ಅತ್ತರೆ ನಿಂತ ಗೀಟು, ಮಲಗಿದರೆ ಅಡ್ಡ ಗೀಟು. ನಂಬಿಕೆ ಇಲ್ಲದಿದ್ದರೂ ಒಂದು ದಿನವೂ ತಪ್ಪಿಸಲಿಲ್ಲ.

ಹತ್ತನೇ ದಿನ ತಾಳೆ ನೋಡೋಕೆ ಕೂತೆ. ಹಾಲಿಗೂ ಅಳುವಿಗೂ ತಾಳೆ ಆಗಲಿಲ್ಲ, ಕುಡಿದ ಹತ್ತೇ ನಿಮಿಷಕ್ಕೂ ಅತ್ತಿದ್ದಾಳೆ. ಕಕ್ಕ ಮಾಡೋದಕ್ಕೂ ಆಗಲಿಲ್ಲ. ಎಚ್ಚರ ಇದ್ದ ಹೊತ್ತಿಗೆ ಮಾತ್ರ ಕೂಡಿತು. ನಲವತ್ತು ಚಿಲ್ಲರೆ ಅಳುಗಳಲ್ಲಿ ಮೂವತ್ತರಷ್ಟು ಬಂದದ್ದು ಅವಳು ಒಂದೂ ಮುಕ್ಕಾಲು ತಾಸಿಗಿಂತ ಜಾಸ್ತಿ ಎಚ್ಚರವಿದ್ದ ಮೇಲೆ. ಹಿರಿಯೂರಲ್ಲಿ ಬಾಣಂತಿ ಕೋಣೆಯ ಕತ್ತಲಲ್ಲಿ ಹಗಲು ನಾಲ್ಕು ಸಲ ಮಲಗುತ್ತಿದ್ದವಳು. ಇಲ್ಲಿ ನಡುಮನೆಯಲ್ಲಿ ತೊಟ್ಟಿಲು, ಟಿವಿ, ಕೂಸು ನೋಡೋಕೆ ಬರೋ ನೆಂಟರು. ಹಗಲು ಎರಡೇ ನಿದ್ದೆ, ಅದೂ ಇಪ್ಪತ್ತು ನಿಮಿಷ. ಈ ವಯಸ್ಸಿಗೆ ಕೂಸಿಗೆ ಜಗತ್ತು ಕಾಣೋಕೆ ಶುರುವಾಗುತ್ತೆ. ಕುಕ್ಕರ್ ಸೀಟಿ ಹೊಡೆದರೆ ಮೊಲೆ ಬಿಟ್ಟು ಆ ಕಡೆ ತಿರುಗೋಳು. ಹಗಲು ಅರೆಬರೆ ಕುಡಿದು ರಾತ್ರಿಯೆಲ್ಲ ತೀರಿಸಿಕೊಳ್ಳೋಳು. ಅದನ್ನೇ ನಾವು ಹಾಲು ಸಾಲದು ಅಂದುಕೊಂಡಿದ್ದೆವು. ಅವಳು ಅಳುತ್ತಿದ್ದದ್ದು ದಣಿದು.

ಹಿಂದಿನ ಕೋಣೆಯ ಕಿಟಕಿಗೆ ಗಿರಣಿಯಿಂದ ತಂದ ಗೋಣಿಚೀಲ ಹೊಲಿದು ಕಟ್ಟಿದೆ, ಮೇಲಿಂದ ನೀರು ಚಿಮುಕಿಸಿದರೆ ತಂಪೂ ಆಯಿತು. ಮೇ ತಿಂಗಳ ದಾವಣಗೆರೆ ಬಿಸಿಲಲ್ಲಿ ಕೂಸಿಗೆ ಕುಲಾವಿ ಹಾಕಿಟ್ಟಿದ್ದೆವು, ತೆಗೆದೆವು. ಎಚ್ಚರಾಗಿ ಒಂದೂ ಕಾಲು ತಾಸಾದರೆ, ನಗುತ್ತಿದ್ದರೂ ಸರಿ, ಒಳಗೆ ಎತ್ತಿಕೊಂಡು ಹೋಗೋದು. ಹಾಲೂ ಅಲ್ಲೇ. ನೆಂಟರು ಬಂದರೆ ಅವಳು ಎದ್ದ ಮೇಲೇ ನೋಡಬೇಕು ಅಂದೆ. ಇಬ್ಬರು ಮುನಿಸಿಕೊಂಡರು, ಮುನಿಸಿಕೊಳ್ಳಲಿ. ಐದೇ ದಿನಕ್ಕೆ ನಾಲ್ಕು ತಾಸಿನ ಅಳು ಮುಕ್ಕಾಲು ತಾಸಿಗೆ ಇಳಿಯಿತು. ನಗುತ್ತಿರೋ ಕೂಸನ್ನು ಐದು ನಿಮಿಷದಲ್ಲಿ ಕಣ್ಣು ಮುಚ್ಚಿಸೋ ಒಂದು ಪಟ್ಟು ನನ್ನ ಕೈಲಿದೆ, ಅದನ್ನು ಇಲ್ಲಿ ಬಿಚ್ಚಲ್ಲ. ಹೆಂಡತಿಗೂ ಅಷ್ಟು ಬೇಗ ಸಾಧಿಸಿಲ್ಲ.

ಪುಸ್ತಕ ಇದ್ದದ್ದರಿಂದ ಬೇರೆ ಪ್ರಯೋಗಗಳೂ ನಡೆದವು. ಹೆಂಡತಿಗೆ ಬೇಳೆ, ಬದನೆಕಾಯಿ, ಮಂಡಕ್ಕಿ ಜೊತೆ ಮೆಣಸಿನಕಾಯಿ ಎಲ್ಲ ಬಂದ್ ಮಾಡಿದ್ದರು. ಮೂರು ದಿನ ತಿಂದು, ಮೂರು ದಿನ ಬಿಟ್ಟು ನೋಡಿದೆವು, ಕಿರ್ದಿಯಲ್ಲಿ ಫರಕೇ ಇಲ್ಲ. ಈಗ ನೆಮ್ಮದಿಯಾಗಿ ತಿಂತಾಳೆ. ಗಿರಣಿ ಓಡೋ ಸದ್ದನ್ನು ಮೊಬೈಲಲ್ಲಿ ಹಿಡಿದು ತಂದು ಕೋಣೆಯ ಮೂಲೆಯಲ್ಲಿ ಸಣ್ಣಗೆ ಹಾಕಿದೆ. ನಿದ್ದೆ ಇಪ್ಪತ್ತರಿಂದ ನಲವತ್ತು ನಿಮಿಷಕ್ಕೆ ಹೋಯಿತು. ಕರೆಂಟಿನ ತೊಟ್ಟಿಲಿಗಿಂತ ಸೀರೆಯ ಜೋಳಿಗೆಯೇ ವಾಸಿ, ಪಕ್ಕದಲ್ಲಿ ಒಬ್ಬರು ಕೂತಿರಬೇಕು ಅಷ್ಟೆ. ಆ ತೊಟ್ಟಿಲನ್ನು ಅರ್ಧ ರೇಟಿಗೆ ಕೊಟ್ಟೆ.

ಹದಿನೇಳನೇ ದಿನ ರಾತ್ರಿ ಒಂಬತ್ತಕ್ಕೆ ಮತ್ತೆ ಅತ್ತಳು. ಈ ಅಳು ಬೇರೆ, ಚೀರಿದ ಹಾಗೆ, ಉಸಿರು ಕಟ್ಟಿಕೊಂಡು. ಅವ್ವ ಉಪ್ಪು ತರೋಕೆ ಎದ್ದಳು. ನಾನು ಪುಸ್ತಕ ನೋಡಿದೆ. ಒಳ್ಳೆ ನಿದ್ದೆ ಮಾಡಿ ಎದ್ದಿದ್ದಾಳೆ, ಹಾಲಾಗಿ ಇಪ್ಪತ್ತು ನಿಮಿಷ, ಜಮಾ ತುಂಬಿದೆ. ತಾಳೆ ಆಗಲಿಲ್ಲ. "ಬಟ್ಟೆಯೆಲ್ಲ ಬಿಚ್ಚು" ಅಂದೆ. ಹೆಂಡತಿ ಕಾಲುಚೀಲ ಎಳೆದವಳೇ "ರೀ, ಇಲ್ನೋಡ್ರಿ ಬೆರಳು" ಅಂದಳು. ಎಡಗಾಲಿನ ಎರಡನೇ ಬೆರಳು ಕೆಂಪಗೆ ಊದಿತ್ತು, ಬುಡದಲ್ಲಿ ದಾರ ಬಿಗಿದಂಥ ಗೀರು. ಟಾರ್ಚು ಬಿಟ್ಟು ನೋಡಿದರೆ ಕೂದಲು, ಎರಡು ಸುತ್ತು. ಹೆರಿಗೆಯಾದ ಮೂರ್ನಾಲ್ಕು ತಿಂಗಳಿಗೆ ಬಾಣಂತಿಗೆ ಕೂದಲು ಉದುರುತ್ತಲ್ಲ, ಅದು ಕಾಲುಚೀಲದೊಳಗೆ ಸೇರಿತ್ತು. ಉಗುರಿಗೆ ಸಿಗಲಿಲ್ಲ. ಆಸ್ಪತ್ರೆಗೆ ಓಡಿದೆವು, ಚಿಮುಟದಲ್ಲಿ ಎತ್ತಿ ಕತ್ತರಿಸಿದರು. ತಡ ಮಾಡಿದ್ದರೆ ಬೆರಳಿಗೆ ರಕ್ತ ಹೋಗೋದೇ ನಿಲ್ಲುತ್ತಿತ್ತಂತೆ. ಪುಸ್ತಕ ಇಲ್ಲದಿದ್ದರೆ ಬೆಳಗಿನವರೆಗೆ ಜೋಳಿಗೆ ತೂಗುತ್ತಾ ಕೂತಿರುತ್ತಿದ್ದೆವು.

ಜ್ವರ, ಹಸಿರು ವಾಂತಿ, ಹಾಲು ಬಿಡೋದು, ಕೂಸು ಸೊರಗಿ ಕೈಕಾಲು ಇಳಿಬಿಡೋದು, ಇವುಗಳಿಗೆ ಕಿರ್ದಿ ಬರೆಯುತ್ತಾ ಕೂರಬೇಡಿ, ಸೀದಾ ಡಾಕ್ಟ್ರ ಹತ್ತಿರ ಹೋಗಿ. ಕಾಲುಚೀಲ, ಕೈಗವಸುಗಳನ್ನು ಈಗ ಒಳಮಗ್ಗುಲು ತಿರುವಿ ಒಗೀತೇವೆ. ದಿನಾ ಸ್ನಾನ ಆದಮೇಲೆ ಅವ್ವ ಕೂಸಿನ ಇಪ್ಪತ್ತೂ ಬೆರಳನ್ನು ಕಿಟಕಿ ಬೆಳಕಿಗೆ ಹಿಡಿದು ಒಂದೊಂದಾಗಿ ಬಿಡಿಸಿ ನೋಡಿ, ಗೋಡೆಗೆ ಒಂದು ಗೀಟು ಹಾಕುತ್ತಾಳೆ.