ಆಸ್ಟ್ರೇಲಿಯಾದಲ್ಲಿ ಸಂವಿಧಾನ ತಿದ್ದುವುದು ನೀವೇ. ಚೀಟಿಯಲ್ಲಿ ಇಂಟು ಮಾರ್ಕ್ ಹಾಕಬೇಡಿ

ಪೌರತ್ವ ಸಿಕ್ಕ ಮೇಲೆ ಹೊಸಬರು ಎಡವುವುದು ಸಾಮಾನ್ಯ ಚುನಾವಣೆಯಲ್ಲಲ್ಲ, ರೆಫರೆಂಡಮ್‌ನಲ್ಲಿ, ಅಂದರೆ ಸಂವಿಧಾನ ತಿದ್ದಲು ಜನರನ್ನೇ ಕೇಳುವ ಮತದಾನದಲ್ಲಿ. ಸಂವಿಧಾನ ತಿದ್ದುಪಡಿ ಅಂದರೆ ದೆಹಲಿಯಲ್ಲಿ ಸಂಸದರು ಮಾಡಿ ಮುಗಿಸುವ ಕೆಲಸ ಅನ್ನುವುದು ನಮ್ಮ ರೂಢಿ. ಇಲ್ಲಿ ಹಾಗಲ್ಲ. 128ನೇ ಸೆಕ್ಷನ್ ಪ್ರಕಾರ ಮಸೂದೆ ಸಂಸತ್ತಿನಲ್ಲಿ ಪಾಸಾಗಿ ಎರಡು ತಿಂಗಳು ಕಳೆದ ಮೇಲೆ, ಆರು ತಿಂಗಳೊಳಗೆ ಮತದಾರರ ಮುಂದೆ ಬರಬೇಕು. ದೇಶದ ಒಟ್ಟು ಮತದಲ್ಲಿ ಬಹುಮತ ಬೇಕು, ಜೊತೆಗೆ ಆರು ರಾಜ್ಯಗಳಲ್ಲಿ ನಾಲ್ಕರಲ್ಲಾದರೂ ಬಹುಮತ ಬೇಕು. ಕ್ಯಾನ್‌ಬೆರಾ, ಡಾರ್ವಿನ್ ಇರುವುದು ರಾಜ್ಯಗಳಲ್ಲಲ್ಲ, ಟೆರಿಟರಿಗಳಲ್ಲಿ. ಅಲ್ಲಿರುವವರ ಮತ ಒಟ್ಟು ಲೆಕ್ಕಕ್ಕೆ ಮಾತ್ರ ಸೇರುತ್ತದೆ. ಆ ಹಕ್ಕು ಸಿಕ್ಕಿದ್ದೂ 1977ರ ತಿದ್ದುಪಡಿಯಿಂದ.

ಇನ್ನು ಎಲ್ಲರೂ ಬೀಳುವ ಗುಂಡಿ. "ಇದೇನು ಸರ್ಕಾರ ಆರಿಸೋ ಚುನಾವಣೆಯೇ? ಹೋಗದಿದ್ದರೂ ನಡೆಯುತ್ತೆ" ಅಂದುಕೊಂಡು ಮನೆಯಲ್ಲಿ ಕೂತರೆ ಕೆಲವು ವಾರಗಳ ಬಳಿಕ ಪತ್ರ ಬರುತ್ತದೆ: ಯಾಕೆ ಮತ ಹಾಕಲಿಲ್ಲ? ಸರಿಯಾದ ಕಾರಣ ಕೊಡಿ, ಇಲ್ಲವೇ 20 ಡಾಲರ್ ದಂಡ ಕಟ್ಟಿ. ಇಪ್ಪತ್ತೇ ಡಾಲರ್ ತಾನೇ ಅಂತ ಆ ಪತ್ರವನ್ನು ಫ್ರಿಜ್ಜಿನ ಮೇಲೆ ಇಟ್ಟು ಮರೆತರೆ ವಿಷಯ ಕೋರ್ಟಿಗೆ ಹೋಗಬಹುದು. ಆಗ ದಂಡವೂ ದೊಡ್ಡದು, ಕೋರ್ಟಿನ ಖರ್ಚೂ ಮೇಲೆ. ಆ ದಿನ ನೀವು ಮೈಸೂರಿನಲ್ಲಿದ್ದಿರಾ? ದೇಶದಲ್ಲಿ ಇರಲಿಲ್ಲ ಅನ್ನುವುದು ಒಪ್ಪುವ ಕಾರಣ. ಹೋದ, ಬಂದ ತಾರೀಕು ಬರೆದು ಗಡುವಿನೊಳಗೆ ಉತ್ತರಿಸಿದರೆ ಮುಗಿಯಿತು. ಉತ್ತರ ಕೊಡದೆ ಸುಮ್ಮನಿರುವುದೇ ತಪ್ಪು. ಬಾಡಿಗೆ ಮನೆ ಬದಲಾಯಿಸಿದಾಗಲೆಲ್ಲ ಮತದಾರರ ಪಟ್ಟಿಯಲ್ಲೂ ವಿಳಾಸ ತಿದ್ದಿಸಿ. ಇಲ್ಲದಿದ್ದರೆ ಪತ್ರ ಹಳೆಯ ಮನೆಗೆ ಹೋಗುತ್ತದೆ, ಗಡುವು ನಿಮಗೆ ಗೊತ್ತಾಗದೆಯೇ ದಾಟುತ್ತದೆ. ಮತದಾನ ನಡೆಸಲು ಹೊರಡಿಸುವ ಅಧಿಕೃತ ಆದೇಶ (ರಿಟ್) ಹೊರಟ ಏಳನೇ ದಿನ ರಾತ್ರಿ ಎಂಟಕ್ಕೆ ಪಟ್ಟಿ ಮುಚ್ಚುತ್ತದೆ. ಆಮೇಲೆ ಓಡಾಡಿ ಪ್ರಯೋಜನವಿಲ್ಲ.

ಮತಗಟ್ಟೆಯಲ್ಲಿ ಗುರುತಿನ ಚೀಟಿ ಕೇಳುವುದಿಲ್ಲ. ಪೂರ್ತಿ ಹೆಸರೇನು, ವಿಳಾಸ ಏನು, ಈ ಸಲ ಆಗಲೇ ಮತ ಹಾಕಿದ್ದೀರಾ, ಇಷ್ಟೇ ಪ್ರಶ್ನೆ. ಚೀಟಿಯಲ್ಲಿ ಒಂದು ಚೌಕ ಇರುತ್ತದೆ. ಅದರೊಳಗೆ ಇಂಗ್ಲಿಷ್‌ನಲ್ಲಿ ಯೆಸ್ ಅಥವಾ ನೋ ಅಂತ ಪೂರ್ತಿ ಬರೆಯಬೇಕು. ರೈಟ್ ಮಾರ್ಕ್ ಹಾಕಿದರೆ ಯೆಸ್ ಅಂತ ಎಣಿಸುತ್ತಾರೆ. ಇಂಟು ಮಾರ್ಕ್ ಹಾಕಿದರೆ ಒಪ್ಪಿಗೆಯೋ ವಿರೋಧವೋ ತಿಳಿಯದ ಕಾರಣ ಮತ ಅಸಿಂಧು. ಎರಡು ಪ್ರಶ್ನೆ ಇದ್ದರೆ ಎರಡಕ್ಕೂ ಬರೆಯಿರಿ. ಅಲ್ಲಿ ಪೆನ್ಸಿಲ್ ಇಟ್ಟಿರುತ್ತಾರೆ, ಸ್ವಂತ ಪೆನ್ನು ಒಯ್ಯಲೂ ಅಡ್ಡಿಯಿಲ್ಲ.

ಈ ಬಾಗಿಲು ಎಷ್ಟು ಕಿರಿದು ನೋಡಿ. 1901ರಲ್ಲಿ ಸಂವಿಧಾನ ಜಾರಿಯಾದಾಗಿನಿಂದ 2023ರವರೆಗೆ 45 ಪ್ರಸ್ತಾಪಗಳು ಬಂದವು, ಗೆದ್ದಿದ್ದು 8. 1967ರಲ್ಲಿ ಮೂಲನಿವಾಸಿಗಳನ್ನು ಜನಗಣತಿಯ ಲೆಕ್ಕದಿಂದ ಹೊರಗಿಡುತ್ತಿದ್ದ ಸೆಕ್ಷನ್ ಕಿತ್ತುಹಾಕಲು ಶೇ 90ಕ್ಕೂ ಹೆಚ್ಚು ಜನ ಒಪ್ಪಿದರು. ಅದೇ ದಿನ ಕೇಳಿದ ಇನ್ನೊಂದು ಪ್ರಶ್ನೆಯನ್ನು ಅದೇ ಜನ ತಿರಸ್ಕರಿಸಿದರು. 1977ರಲ್ಲಿ ಎರಡೂ ಸದನಗಳ ಚುನಾವಣೆ ಒಟ್ಟಿಗೆ ನಡೆಸುವ ಪ್ರಸ್ತಾಪಕ್ಕೆ ಶೇ 62ರಷ್ಟು ಮತ ಬಿತ್ತು. ಆದರೆ ಗೆದ್ದಿದ್ದು ಮೂರೇ ರಾಜ್ಯಗಳಲ್ಲಿ, ಹಾಗಾಗಿ ಬಿದ್ದುಹೋಯಿತು. 2023ರ ಅಕ್ಟೋಬರ್ 14ರಂದು ಸಂಸತ್ತಿಗೆ ಸಲಹೆ ಕೊಡುವ ಮೂಲನಿವಾಸಿಗಳ ಮಂಡಳಿ 'ವಾಯ್ಸ್' ರಚಿಸುವ ಪ್ರಸ್ತಾಪವನ್ನು ಆರೂ ರಾಜ್ಯಗಳು ನಿರಾಕರಿಸಿದವು.

ಭಾರತದಲ್ಲಿ 2023ರ ಹೊತ್ತಿಗೆ 106 ತಿದ್ದುಪಡಿಗಳಾಗಿದ್ದವು. ತುರ್ತುಪರಿಸ್ಥಿತಿಯ 42ನೇ ತಿದ್ದುಪಡಿಗೆ ಯಾರೂ ಜನರನ್ನು ಕೇಳಲಿಲ್ಲ. ನಮ್ಮಲ್ಲಿ ಲಗಾಮು ಹಾಕಿದ್ದು ಕೋರ್ಟು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ ಮೊಕದ್ದಮೆಯಲ್ಲಿ 1973ರಲ್ಲಿ ಬಂದ ತೀರ್ಪು ಸಂವಿಧಾನದ ಮೂಲಸ್ವರೂಪ ಮುಟ್ಟಬಾರದು ಎಂದಿತು. ಆ ಲಗಾಮು ಜನರ ಕೈಯಲ್ಲೇ ಇರುವುದು ಮೇಲು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬದಲಾವಣೆ ನಿಧಾನ ಆಗುತ್ತದೆ, ಒಳ್ಳೆಯ ಪ್ರಸ್ತಾಪವೂ ಬೀಳುತ್ತದೆ. ಆದರೂ ರಾತ್ರೋರಾತ್ರಿ ಹಕ್ಕು ಕಿತ್ತುಕೊಳ್ಳಲು ಆಗುವುದಿಲ್ಲ.

ಮತದಾನಕ್ಕೆ ಮುಂಚೆ ಮನೆಗೆ ಒಂದು ಕಿರುಹೊತ್ತಗೆ ಬರುತ್ತದೆ. ಪರ ಮತ್ತು ವಿರುದ್ಧ ವಾದ ಬರೆಯುವವರು ಸಂಸದರೇ. ಅದರಲ್ಲಿ ತಿದ್ದುಪಡಿಯ ಪಠ್ಯವನ್ನು ಮೊದಲು ಓದಿ, ವಾದಗಳನ್ನು ಆಮೇಲೆ.