ಎಮರ್ಜೆನ್ಸಿ ಬಗ್ಗೆ ಮನೆಯ ಹಿರಿಯರನ್ನು ಕೇಳುವುದು ಹೇಗೆ

ಮೊದಲು ತಪ್ಪು ಮಾಡಿದ್ದು ನಾನೇ. ದೊಡ್ಡಪ್ಪನ ಮುಂದೆ ಮೊಬೈಲಿಟ್ಟು ರೆಕಾರ್ಡಿಂಗ್ ಒತ್ತಿ, "ಎಮರ್ಜೆನ್ಸಿ ಹೇಗಿತ್ತು ದೊಡ್ಡಪ್ಪ?" ಅಂತ ಕೇಳಿದೆ. "ಶಿಸ್ತು ಇತ್ತಪ್ಪ. ರೈಲು ಕರೆಕ್ಟ್ ಟೈಮಿಗೆ ಬರ್ತಿತ್ತು" ಅಂದರು. ಆಗ ಅವರು ಪ್ರೈಮರಿ ಶಾಲೆ ಮೇಷ್ಟ್ರು. ಅವರಿದ್ದ ಊರಿಗೆ ಇವತ್ತಿಗೂ ರೈಲಿಲ್ಲ.

ಅದಕ್ಕೇ ಹೇಳೋದು, ಅಭಿಪ್ರಾಯ ಕೇಳಬೇಡಿ. ಕೇಳಿದರೆ ಅಂದಿನ ರೇಡಿಯೋದ ಮಾತೇ ಹೊರಗೆ ಬರುತ್ತದೆ. ಸಣ್ಣಪುಟ್ಟದ್ದು ಕೇಳಿ. ಆ ವರ್ಷ ಸಂಬಳ ಸರಿಯಾಗಿ ಬಂತಾ? ಶಾಲೆಗೆ ಯಾವ ಆಫೀಸರು ಬಂದಿದ್ದರು, ಏನು ಬರೆಸಿಕೊಂಡು ಹೋದರು? ಇಂದಿರಾ ಗಾಂಧಿ ಸರ್ಕಾರ ತುರ್ತು ಪರಿಸ್ಥಿತಿ ಹೇರಿದ್ದ, 1975ರ ಜೂನ್ 25ರ ರಾತ್ರಿಯಿಂದ 1977ರ ಮಾರ್ಚ್ 21ರವರೆಗಿನ ಕಾಲ ಅದು. ಇಸವಿ ನೆನಪಾಗದಿದ್ದರೆ ಮನೆಯ ಲೆಕ್ಕ ಹಿಡಿಯಿರಿ: ಯಾರ ಮದುವೆ ಆಗಿತ್ತು, ಯಾವ ಮಗು ಹುಟ್ಟಿತ್ತು.

ಸಂಬಳ ಅಂದ ಕೂಡಲೇ ದೊಡ್ಡಪ್ಪ ಸುಮ್ಮನಾದರು. ಆಮೇಲೆ, "ಎರಡು ಕೇಸು ತರಬೇಕಿತ್ತು. ಇಲ್ಲಾಂದ್ರೆ ಇನ್‌ಕ್ರಿಮೆಂಟ್ ಇಲ್ಲ ಅಂದಿದ್ರು" ಅಂದರು. ಕೇಸು ಅಂದರೆ ಮಕ್ಕಳಾಗದ ಆಪರೇಷನ್‌ಗೆ ಕರೆತಂದ ಜನ. ಅಡುಗೆಮನೆಯಿಂದ ದೊಡ್ಡಮ್ಮ, "ಯಾರನ್ನ ಕರ್ಕೊಂಡು ಹೋದ್ರಿ, ಅದನ್ನೂ ಹೇಳಿ" ಅಂದರು. ಇವರು ಖಾಲಿ ಲೋಟ ತಿರುಗಿಸುತ್ತಾ ಕೂತರು. ಇಂಥ ಹೊತ್ತಲ್ಲಿ ಬಾಯಿ ಬಿಡಬೇಡಿ. ನಾನು "ಪರವಾಗಿಲ್ಲ ಬಿಡಿ" ಅಂದುಬಿಟ್ಟೆ, ಮಾತು ಅಲ್ಲಿಗೇ ನಿಂತಿತು.

ಕೇಳಿದ್ದನ್ನು ಕಾಗದದ ಜೊತೆ ಹೋಲಿಸಿ. 1977ರ ಚುನಾವಣೆಯಲ್ಲಿ ಇಂದಿರಾ ಸೋತ ಮೇಲೆ ಬಂದ ಜನತಾ ಸರ್ಕಾರ, ಎಮರ್ಜೆನ್ಸಿಯ ಅತಿರೇಕಗಳ ತನಿಖೆಗೆ ನೇಮಿಸಿದ ಶಾ ಆಯೋಗದ ವರದಿಗಳು 1978ರಲ್ಲಿ ಬಂದವು. ಅದರ ಪ್ರಕಾರ 1975–76ರಲ್ಲಿ ದೇಶದಲ್ಲಿ ಇಂಥ ಆಪರೇಷನ್ ಸುಮಾರು 26 ಲಕ್ಷ, ಮರುವರ್ಷ 81 ಲಕ್ಷ. ದೊಡ್ಡಪ್ಪನ ಎರಡು ಕೇಸೂ ಈ ಲೆಕ್ಕದೊಳಗೇ ಎಲ್ಲೋ ಇವೆ.

ಹಳೇ ಪತ್ರಿಕೆ ನೋಡುವಾಗ ಇಲ್ಲದ್ದನ್ನು ಹುಡುಕಿ. ಸೆನ್ಸಾರ್ ಇತ್ತಲ್ವಾ, ಅಚ್ಚಾಗಿದ್ದನ್ನು ಮಾತ್ರ ಓದಿದರೆ ದೇಶ ತಣ್ಣಗಿತ್ತು ಅನ್ನಿಸುತ್ತದೆ. 1975ರ ಜೂನ್ 28ರಂದು ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗವನ್ನೇ ಖಾಲಿ ಬಿಟ್ಟಿತ್ತು. ಎಮರ್ಜೆನ್ಸಿಯಲ್ಲಿ ಬಂಧಿತರಾದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಜೈಲಿನಲ್ಲಿ ಆಸ್ತಮಾದಿಂದ ನರಳಿ, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಕ್ಕೆ, 1977ರ ಜನವರಿ 20ರಂದು ತೀರಿಕೊಂಡರು. ಮರುದಿನದ ಪತ್ರಿಕೆಗಳಲ್ಲಿ ಆ ಸುದ್ದಿ ಎಷ್ಟು ಸಾಲು ಇದೆ, ಇದೆಯಾ ಇಲ್ಲವಾ, ನೀವೇ ಹುಡುಕಿ. ಅವರಿದ್ದ ಜೈಲು ಈಗ ಫ್ರೀಡಂ ಪಾರ್ಕ್.

ಗೆದ್ದು ಬಂದವರ ಕಥೆಗೂ ಇದೇ ಪ್ರಶ್ನೆ ಹಾಕಿ: ಇದರಲ್ಲಿ ಏನು ಇಲ್ಲ? ಇಂದಿರಾ ಗಾಂಧಿ 1973ರಲ್ಲಿ ಸ್ವತಂತ್ರ ಭಾರತದ ಚರಿತ್ರೆ ಬರೆಸಿ, ಮುಂದಿನ ತಲೆಮಾರಿನವರು ಓದಲಿ ಅಂತ ಕಾಲಪಾತ್ರದಲ್ಲಿಟ್ಟು (ಟೈಮ್ ಕ್ಯಾಪ್ಸೂಲ್) ಕೆಂಪುಕೋಟೆಯಲ್ಲಿ ಹೂಳಿಸಿದ್ದರು. 1977ರಲ್ಲಿ ಜನತಾ ಸರ್ಕಾರ ಅದನ್ನು ಅಗೆದು ತೆಗೆಸಿತು. ಚರಿತ್ರೆಗೆ ಗುದ್ದಲಿ! 1977ರ ಲೋಕಸಭಾ ಚುನಾವಣೆಯಲ್ಲಿ ಜನರೆಲ್ಲ ಸಿಟ್ಟಿಗೆದ್ದು ಕಾಂಗ್ರೆಸ್ಸನ್ನು ಸೋಲಿಸಿದರು ಅನ್ನೋದು ಹೊಸಬರ ಕಥೆ. ಉತ್ತರ ಪ್ರದೇಶದಲ್ಲಿ ಸರಿ, 85 ಸೀಟಲ್ಲಿ ಒಂದೂ ಕಾಂಗ್ರೆಸ್ಸಿಗೆ ಬರಲಿಲ್ಲ. ಆದರೆ ನಮ್ಮ ಕರ್ನಾಟಕದಲ್ಲಿ ಕಾಂಗ್ರೆಸ್ 28 ಸೀಟಲ್ಲಿ 26 ಗೆದ್ದಿತು. ಯಾಕೆ ಅಂತ ಗೇಣಿದಾರರ ಮನೆಯಲ್ಲಿ ಕೇಳಿ. ಆಗಿನ ಕಾಂಗ್ರೆಸ್ ಮುಖ್ಯಮಂತ್ರಿ ದೇವರಾಜ ಅರಸು ಕಾಲದ ಭೂಸುಧಾರಣೆಯಲ್ಲಿ ಡಿಕ್ಲರೇಷನ್ (ಉಳುವ ಹೊಲ ತಮಗೆ ಕೊಡಿ ಅನ್ನೋ ಅರ್ಜಿ) ಹಾಕಿ ಹೊಲ ಪಡೆದವರು ಆ ವರ್ಷಗಳನ್ನು ಬೇರೆ ಥರ ನೆನೆಯುತ್ತಾರೆ. ಆ ಅರ್ಜಿ ತೀರ್ಮಾನಿಸಿದ ಭೂ ನ್ಯಾಯಮಂಡಳಿಯ, ಅಂದರೆ ಟ್ರಿಬ್ಯೂನಲ್ ಆದೇಶ ಟ್ರಂಕಿನಲ್ಲಿದ್ದರೆ ತೆಗೆಸಿ, ತಾರೀಖು ನೋಡಿ. ಜೈಲಿಗೆ ಹೋದವರ ಮನೆಗೂ ಹೋಗಿ. ಒಬ್ಬರ ಮಾತಿನಿಂದ ಇನ್ನೊಬ್ಬರದನ್ನು ಅಳಿಸಬೇಡಿ, ಎರಡನ್ನೂ ತಾರೀಖು ಹಾಕಿ ಬರೆದಿಡಿ.

ದೊಡ್ಡಮ್ಮನ ಮಾತನ್ನೂ ನಾನು ಹಾಗೇ ಬರೆದಿಟ್ಟಿದ್ದೇನೆ. ಅದರ ಕೆಳಗೆ ಎರಡು ಹೆಸರಿಗೆ ಜಾಗ ಬಿಟ್ಟಿದ್ದೇನೆ. ಮುಂದಿನ ಸಲ ಊರಿಗೆ ಹೋದಾಗ ದೊಡ್ಡಪ್ಪನ ಪಕ್ಕ ಸುಮ್ನೆ ಕೂರಬೇಕು.