ಪ್ಯಾಲೇಸ್ ಆಫ್ ಫೈನ್ ಆರ್ಟ್ಸ್: ಅಪ್ಪ ಅಮ್ಮನಿಗೆ ಹೀಗೆ ತೋರಿಸಿ

ಬೇ ಏರಿಯಾಕ್ಕೆ ಬಂದ ಅಪ್ಪ ಅಮ್ಮನನ್ನು ಗೋಲ್ಡನ್ ಗೇಟ್ ಸೇತುವೆಗೆ ಹೇಗೂ ಕರೆದುಕೊಂಡು ಹೋಗುತ್ತೀರಿ, ಅಲ್ವಾ? ಅವತ್ತೇ ಸ್ಯಾನ್ ಫ್ರಾನ್ಸಿಸ್ಕೋದ ಈ ಗುಮ್ಮಟ, ಕಂಬಗಳ ಕಟ್ಟಡಕ್ಕೂ ಒಂದು ಗಂಟೆ ಇಟ್ಟುಕೊಳ್ಳಿ. ಸೇತುವೆಗೆ ಹತ್ತಿರ, ಒಳಗೆ ಓಡಾಡಲು ಟಿಕೆಟ್ ಬೇಕಿಲ್ಲ, ದಾರಿ ಸಮತಟ್ಟು. ಸ್ವೆಟರ್ ಮಾತ್ರ ಮರೀಬೇಡಿ, ಗಾಳಿ ಜಾಸ್ತಿ.

ಹೊರಡುವ ಮುಂಚೆ ಇದರ 1915ರ ಒಂದೆರಡು ಹಳೇ ಫೋಟೋ ಹುಡುಕಿ ಫೋನಿನಲ್ಲಿಟ್ಟುಕೊಳ್ಳಿ. ಆಮೇಲೆ ಬೇಕಾಗುತ್ತದೆ.

ಸಾಧ್ಯವಾದರೆ ಬೆಳಿಗ್ಗೆಯೇ ಹೋಗಿ. ಬೇಕರ್ ಸ್ಟ್ರೀಟ್ ಕಡೆ ಕೊಳದ ದಡದಲ್ಲಿ ನಿಂತರೆ ಬಿಸಿಲು ನಿಮ್ಮ ಬೆನ್ನ ಹಿಂದಿನಿಂದ ಬಂದು ಗುಮ್ಮಟದ ಮೇಲೆ ಬೀಳುತ್ತದೆ, ಕೆಳಗೆ ನೀರಿನಲ್ಲಿ ಅದೇ ಗುಮ್ಮಟ ತಲೆಕೆಳಗಾಗಿ ಕಾಣುತ್ತದೆ. ಅಲ್ಲೇ ಕೂರಿಸಿ ಕಥೆ ಹೇಳಿ. ಇದನ್ನು 1915ರ ಪನಾಮ-ಪೆಸಿಫಿಕ್ ಅನ್ನುವ ವಿಶ್ವ ಪ್ರದರ್ಶನಕ್ಕೆ ವಾಸ್ತುಶಿಲ್ಪಿ ಬರ್ನಾರ್ಡ್ ಮೇಬೆಕ್ ವಿನ್ಯಾಸ ಮಾಡಿದ್ದು, ಹಾಳು ಬಿದ್ದ ರೋಮನ್ ಕಟ್ಟಡದ ಹಾಗೆ. ಪ್ರದರ್ಶನ ಮುಗಿಯುವ ತನಕ ನಿಂತರೆ ಸಾಕಿತ್ತು. ಹಾಗಾಗಿ ಮರದ ಚೌಕಟ್ಟು, ಮೇಲೆ ಗೋಣಿ ನಾರಿನಂಥದ್ದು ಬೆರೆಸಿದ ಪ್ಲಾಸ್ಟರ್, ಅಷ್ಟೇ. ಊರಿನ ಜನ ಕೆಡವಲು ಬಿಡಲಿಲ್ಲ, ಆದರೆ ಪ್ಲಾಸ್ಟರ್ ಎಷ್ಟು ದಿನ ತಾಳುತ್ತದೆ? ಉದುರುತ್ತಾ ಬಂತು. ಬಿದ್ದರೆ ಬೀಳಲಿ, ಸುತ್ತ ರೆಡ್‌ವುಡ್ ಮರ ನೆಡಿ ಅಂದಿದ್ದರು ಮೇಬೆಕ್. ಜನ ಕೇಳದೇ ಇದ್ದದ್ದು ನನಗಂತೂ ಖುಷಿ.

ಈಗ ಕಂಬಗಳ ಸಾಲಿಗೆ ಬನ್ನಿ. ಒಂದು ಕಂಬದ ಮೇಲೆ ಅಂಗೈ ಇಡಲು ಹೇಳಿ. ಅಪ್ಪ ಕಲ್ಲು ಅಂದುಕೊಳ್ಳಬಹುದು, ಅದು ಕಾಂಕ್ರೀಟ್. 1964ರಲ್ಲಿ ಹಿಂಬದಿಯ ಪ್ರದರ್ಶನ ಹಾಲಿನ ಉಕ್ಕಿನ ಚೌಕಟ್ಟು ಬಿಟ್ಟು ಉಳಿದದ್ದನ್ನೆಲ್ಲ ಕೆಡವಿ, ಆಮೇಲೆ ಮತ್ತೆ ಕಟ್ಟಿದರು. ವಾಲ್ಟರ್ ಜಾನ್ಸನ್ ಅನ್ನುವವರು ಇದಕ್ಕೆ 20 ಲಕ್ಷ ಡಾಲರ್ ಕೊಟ್ಟರು. ಶಿಲ್ಪಗಳೂ ಹೊಸದಾಗಿ ಮಾಡಿದವೇ.

ತಲೆ ಎತ್ತಿದರೆ ಕಂಬಗಳ ಮೇಲೆ ದೊಡ್ಡ ಪೆಟ್ಟಿಗೆಗಳು, ಮೂಲೆಗಳಲ್ಲಿ ನಮಗೆ ಬೆನ್ನು ಹಾಕಿ ಪೆಟ್ಟಿಗೆಯೊಳಗೆ ಮುಖ ಬಾಗಿಸಿ ನಿಂತ ಹೆಂಗಸರು. ಅಳುತ್ತಿದ್ದಾರೆ. ಇಲ್ಲಿ ಅವಸರ ಮಾಡಬೇಡಿ, ಅಮ್ಮ ಎಷ್ಟು ಹೊತ್ತು ನೋಡಿದರೂ ಸುಮ್ನೆ ಬಿಡಿ.

ಗುಮ್ಮಟದ ಕೆಳಗೆ ಹೋಗುವುದು ಕೊನೆಗೆ. ನಡುಮಧ್ಯ ನಿಂತು ಚಪ್ಪಾಳೆ ತಟ್ಟಿ ನೋಡಿ. ಆಮೇಲೆ ಹಳೇ ಫೋಟೋ ತೆಗೆದು ಮೇಲೆ ನೋಡಿ. ಆಗ ಅಲ್ಲಿ ಕಲಾವಿದ ರಾಬರ್ಟ್ ರೀಡ್ ಬರೆದ ಎಂಟು ಚಿತ್ರಗಳಿದ್ದವು. ಮತ್ತೆ ಕಟ್ಟುವಾಗ ಅವು ವಾಪಸ್ ಬರಲಿಲ್ಲ.